ಪುಸ್ತಕದ ಜೊತೆ ಏಳು ದಾಳ ಪುಕ್ಕಟೆ ಅಂತ ಬರೆಯೋ ಮೊದಲು ಇದನ್ನ ಓದ್ರಿ

ನನ್ನದೊಂದು ಆಟದ ಪುಸ್ತಕ ಅಚ್ಚು ಹಾಕಿಸೋಕೆ ಅಂತರ್ಜಾಲದಲ್ಲಿ ಜನರಿಂದ ಮುಂಗಡ ರೊಕ್ಕ ಎತ್ತುತಿದ್ದೆ. 2024ರ ಸೆಪ್ಟೆಂಬರ್ 21ರ ರಾತ್ರಿ ಹನ್ನೊಂದೂವರೆಗೆ ಆ ಯೋಜನೆಯ ಪುಟದಲ್ಲಿ ಒಂದು ಸಾಲು ಬರೆದೆ: ‘3 ಲಕ್ಷ ದಾಟಿದರೆ ಪುಸ್ತಕ ತಗೊಂಡ ಎಲ್ಲರಿಗೂ ಏಳು ದಾಳದ ಸೆಟ್ ಪುಕ್ಕಟೆ!’ ಬರೆದು ಹಾಯಾಗಿ ಮಲಗಿದೆ. ಆಮೇಲೆ ಹತ್ತು ತಿಂಗಳು ಹಾಗೆ ಮಲಗಲಿಲ್ಲ. ಪತ್ತಿನ ಸಂಘದಲ್ಲಿ ಸಾಲ ಆಯಿತು, ನಂಬಿ ರೊಕ್ಕ ಕೊಟ್ಟ 318 ಜನರ ಮುಂದೆ ತಿಂಗಳಿಗೊಂದು ಕ್ಷಮಾಪಣೆ ಬರೆಯೋದಾಯಿತು. ನಾನಿರೋದು ಗದಗಿನಲ್ಲಿ. ಕುಮಾರವ್ಯಾಸ ವೀರನಾರಾಯಣನ ಗುಡಿಯೊಳಗೆ ಕೂತು ಭಾರತ ಬರೆದ ಅನ್ನೋ ಊರು. ದಾಳ ಹಿಡಿದವನ ಗತಿ ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈಚೆಗೆ ಹುಬ್ಬಳ್ಳಿ, ಧಾರವಾಡದ ಮೂರ್ನಾಲ್ಕು ಹುಡುಗರು ಫೋನ್ ಮಾಡಿ, ‘ಅಣ್ಣಾ, ನಾವೂ ಒಂದು ಆಟ ಮಾಡೀವಿ, ಜನರ ಹತ್ರ ರೊಕ್ಕ ಎತ್ತೂಣು ಅಂತೀವಿ’ ಅಂದರು. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ.

ಆಟ ಯಾವುದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂತಾರೆ. ಐದಾರು ಜನ ಸುತ್ತ ಕೂಡ್ತಾರೆ, ಒಬ್ಬ ಸೂತ್ರಧಾರ ಕತೆ ನಡೆಸ್ತಾನೆ, ಉಳಿದವರದು ಒಂದೊಂದು ಪಾತ್ರ. ‘ನಾನು ಬಾವಿಗೆ ಇಳೀತೀನಿ’ ಅಂದರೆ ಇಳಿದನೋ ಜಾರಿಬಿದ್ದನೋ ಅನ್ನೋದನ್ನ ದಾಳ ಹೇಳುತ್ತದೆ. ಆರು ಮುಖದ್ದೊಂದೇ ಅಲ್ಲ, ಬೇರೆ ಬೇರೆ ಮುಖಗಳ ಏಳು ದಾಳ ಸೇರಿ ಒಂದು ಸೆಟ್. ಮಾತು ಮೊದಲೇ ಬರೆದಿಡದ ದೊಡ್ಡಾಟ ಅಂದುಕೊಳ್ಳಿ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಿಂದ ಬೆಳೆದ ಪದ್ಧತಿ. 2023ರ ಜನವರಿಯಲ್ಲಿ ಅದರ ಈಗಿನ ಪ್ರಕಾಶಕರು ಮೂಲ ನಿಯಮಗಳ ಒಂದು ಕಡತವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು. ಎಲ್ಲಿಂದ ತಗೊಂಡಿದ್ದು ಅಂತ ಪುಸ್ತಕದಲ್ಲಿ ಹೇಳಿದರೆ ಯಾರು ಬೇಕಾದರೂ ಅದನ್ನ ಬಳಸಿ ಮಾರಬಹುದು. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅನ್ನೋ ಮಾತಿದೆಯಲ್ಲ, ನಾನು ಆ ನಿಯಮಗಳ ಮೇಲೆ ಬಾವಿಗಳ ಕತೆ ಕಟ್ಟಿದೆ. ಪ್ರತಿ ಬಾವಿಯ ತಳದಲ್ಲೊಂದು ಊರು. ಪರವಾನಗಿಯಲ್ಲಿ ನಾನು ಎಡವಲಿಲ್ಲ, ಎಡವಿದ್ದೆಲ್ಲ ವ್ಯವಹಾರದಲ್ಲಿ.

ಇಂಥ ಆಟ ಮಾಡೋರೆಲ್ಲ ಜನರಿಂದ ಮುಂಗಡ ರೊಕ್ಕ ಎತ್ತೋ ವಿದೇಶಿ ತಾಣ ಕಿಕ್‌ಸ್ಟಾರ್ಟರ್‌ಗೆ ಹೋಗ್ತಾರೆ. ಇಲ್ಲಿಂದ ನಾವು ಅಲ್ಲಿ ರೊಕ್ಕ ಕೊಡಬಹುದು, ಯೋಜನೆ ನಡೆಸೋಕೆ ಬರಲ್ಲ. ಅವರು ಒಪ್ಪೋ ದೇಶಗಳಲ್ಲಿ ಭಾರತ ಇರಲಿಲ್ಲ. ‘ಟೆಕ್ಸಾಸ್‌ದಾಗ ನಮ್ಮ ಅಳಿಯ ಅದಾನಲ್ಲ, ಅವನ ಹೆಸರಿಲೇ ಮಾಡು’ ಅಂದರು ಸೋದರಮಾವ. ರೊಕ್ಕ ಅವನ ಆದಾಯ ಆಗ್ತದೆ, ತೆರಿಗೆ ಅವನಿಗೆ ಬರ್ತದೆ, ಪುಸ್ತಕ ತಡವಾದರೆ ಬೈಗುಳವೂ ಅವನಿಗೇ. ಬೇಡ ಅಂತ ನಮ್ಮ ದೇಶದ್ದೇ ಒಂದು ತಾಣ ಹಿಡಿದೆ. ಗುರಿ 2 ಲಕ್ಷ, 45 ದಿನ. 299ಕ್ಕೆ ಪಿಡಿಎಫ್, 899ಕ್ಕೆ ಪುಸ್ತಕ, 1,499ಕ್ಕೆ ಪುಸ್ತಕ, ನಕ್ಷೆ ಮತ್ತು ದಾಳ, 5,000ಕ್ಕೆ ಅದೆಲ್ಲದರ ಜೊತೆ ನಿಮ್ಮ ಹೆಸರಿನ ಒಬ್ಬ ಗೌಡ ಆಟದೊಳಗೆ.

ಗಣೇಶನ ಹಬ್ಬಕ್ಕೆ ಓಣಿಯಲ್ಲಿ ಪಟ್ಟಿ ಎತ್ತಿ ಬೆಳೆದವ ನಾನು. ಇದೂ ಅಂಥದ್ದೇ ಅಂದುಕೊಂಡಿದ್ದೆ. ಪಟ್ಟಿ ಕೊಟ್ಟವರು ಪ್ರಸಾದ ಕೇಳ್ತಾರೆ, ಕೊಡದಿದ್ದರೆ ನಕ್ಕು ಸುಮ್ಮನಾಗ್ತಾರೆ. ಇಲ್ಲಿ ಕೊಟ್ಟವರು ಸಾಮಾನು ತಗೊಂಡ ಗಿರಾಕಿಗಳು, ಸಾಮಾನಿನ್ನೂ ಹುಟ್ಟಿಲ್ಲ ಅಷ್ಟೇ.

38ನೇ ದಿನಕ್ಕೆ 2,61,000 ಆಗಿತ್ತು. ನಕ್ಷೆಯನ್ನ ಎರಡೂವರೆ ಲಕ್ಷಕ್ಕೇ ಎಲ್ಲರಿಗೂ ಕೊಡ್ತೀನಿ ಅಂದು ಆಗಿಹೋಗಿತ್ತು. ಸ್ಟ್ರೆಚ್ ಗೋಲ್ ಅಂತಾರೆ ಇದಕ್ಕೆ, ಗುರಿ ದಾಟಿದ ಮೇಲೆ ಇನ್ನಷ್ಟು ಜನ ಬರಲಿ ಅಂತ ತೋರಿಸೋ ಆಸೆ. ಆ ರಾತ್ರಿ ದಾಳದ ಸಾಲು ಬರೆದೆ. ಒಂದು ಸೆಟ್ಟಿಗೆ 180 ರೂಪಾಯಿ ಅಂತ ಗೊತ್ತಿತ್ತು. ಎಷ್ಟು ಜನರಿಗೆ ಅಂತ ಗುಣಿಸಲಿಲ್ಲ.

ಬೆಳಗಾದರೆ ಮೊದಲ ಹೊಡೆತ. 1,499 ಕೊಟ್ಟಿದ್ದವರು 600 ರೂಪಾಯಿ ಹೆಚ್ಚು ಕೊಟ್ಟಿದ್ದೇ ನಕ್ಷೆಗೆ, ದಾಳಕ್ಕೆ. ಅವೆರಡೂ ಈಗ ಎಲ್ಲರಿಗೂ ಪುಕ್ಕಟೆ. ‘ಹಂಗಾದ್ರ ನಾವ್ ಹುಚ್ಚರೇನ್ರಿ?’ ಅಂತ ಒಬ್ಬರು ಬರೆದರು. ನ್ಯಾಯವಾದ ಪ್ರಶ್ನೆ. ಎರಡು ದಿನದಲ್ಲಿ 23 ಜನ 899ಕ್ಕೆ ಇಳಿದರು. ಉಳಿದವರನ್ನ ಸಮಾಧಾನ ಮಾಡೋಕೆ ಗುಳೇದಗುಡ್ಡ ಖಣದ ಪುಟ್ಟ ಚೀಲ ಕೊಡ್ತೀನಿ ಅಂದೆ, ದಾಳ ಇಟ್ಟುಕೊಳ್ಳೋಕೆ. ಒಂದು ಮಾತನ್ನ ಮುಚ್ಚೋಕೆ ಇನ್ನೊಂದು ಮಾತು. 113 ಚೀಲ ಹೊಲಿದಿದ್ದು ನಮ್ಮ ಅತ್ತಿಗೆ. ಒಂದಕ್ಕೆ 40 ರೂಪಾಯಿ ಕೊಟ್ಟೆ, ಆದರೂ ಹಬ್ಬಕ್ಕೊಮ್ಮೆ ಆ ಮಾತು ಬಂದೇ ಬರ್ತದೆ.

ಕೊನೆಗೆ ಕೂಡಿದ್ದು 3,33,789. ಈ ಅಂಕಿ ನೋಡಿ ಮನೆಯವರು, ಗೆಳೆಯರು ಎಲ್ಲರೂ ‘ಪಾರ್ಟಿ ಯಾವಾಗ’ ಅಂದರು. ತಾಣದವರ ಹತ್ತು ಪರ್ಸೆಂಟ್, ಆ ಹತ್ತರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಪೇಮೆಂಟ್ ಗೇಟ್‌ವೇ ಶುಲ್ಕ ಕಳೆದು ಖಾತೆಗೆ ಬಂದಿದ್ದು 2,86,500. ಚಿತ್ರ ಬರೆದ ಇಬ್ಬರಿಗೆ 60,000 ಅದೇ ವಾರ ಕೊಟ್ಟೆ. ಅದೊಂದೇ ಖರ್ಚು ಅಂದುಕೊಂಡಷ್ಟಕ್ಕೆ ಮುಗಿದಿದ್ದು.

ಡಿಸೆಂಬರ್‌ನಲ್ಲಿ ಆಡಿಟರ್ ಹತ್ತಿರ ಹೋದೆ, ಆದಾಯ ತೆರಿಗೆಗೆ ಇದನ್ನ ಹೆಂಗೆ ತೋರಿಸಬೇಕು ಅಂತ ಕೇಳೋಕೆ. ಅವರು ನನ್ನ ಯೋಜನೆಯ ಪುಟ ಓದಿ ಕನ್ನಡಕ ತೆಗೆದಿಟ್ಟರು. ‘ಬರೇ ಪುಸ್ತಕ ಮಾರಿದ್ರ ನಿಮ್ಮ ಗೋಜಿಗೆ ಯಾರೂ ಬರ್ತಿದ್ದಿಲ್ರಿ. ಈ ದಾಳ ಯಾಕ ಸೇರ್ಸಿದ್ರಿ?’

ಇದನ್ನ ಸ್ವಲ್ಪ ನಿಧಾನ ಓದಿ, ಯಾಕಂದರೆ ನನಗೆ ಯಾರೂ ಹೇಳಿರಲಿಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬರೀ ಪುಸ್ತಕ ಮಾರೋನು ನೋಂದಣಿಯನ್ನೂ ಮಾಡಿಸಬೇಕಾಗಿಲ್ಲ. ದಾಳ ತೆರಿಗೆ ಇರೋ ಸರಕು. ತೆರಿಗೆ ಇರೋ ಸರಕನ್ನ ರಾಜ್ಯದ ಹೊರಗೆ ಮಾರಿದರೆ, ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಕಡ್ಡಾಯ. ವರ್ಷಕ್ಕೆ 40 ಲಕ್ಷದೊಳಗಿನ ವಹಿವಾಟಿಗೆ ನೋಂದಣಿ ಬೇಡ ಅನ್ನೋ ವಿನಾಯಿತಿ ಅಲ್ಲಿ ನಡೆಯಲ್ಲ. ನನ್ನ ಗಿರಾಕಿಗಳಲ್ಲಿ ಪುಣೆ, ಹೈದರಾಬಾದ್, ಮುಂಬೈ ಕನ್ನಡಿಗರು 61 ಜನ. ಇನ್ನೊಂದು: ಬೇರೆ ಬೇರೆ ಸರಕು ಕಟ್ಟಿ ಒಂದೇ ಬೆಲೆಗೆ ಕೊಟ್ಟರೆ, ಅದರಲ್ಲಿ ಯಾವುದಕ್ಕೆ ತೆರಿಗೆ ದರ ಹೆಚ್ಚೋ ಆ ದರ ಇಡೀ ಕಟ್ಟಿಗೆ. ಅಂದರೆ 180 ರೂಪಾಯಿ ದಾಳ, 899 ರೂಪಾಯಿಯ ಪುಸ್ತಕವನ್ನೂ ತೆರಿಗೆಗೆ ಎಳಕೊಂಡು ಬಂತು. ನೋಂದಣಿ, ರಿಟರ್ನ್, ತೆರಿಗೆ, ಆಡಿಟರ್ ಫೀ ಎಲ್ಲ ಸೇರಿ 38,000. ನಿಮ್ಮ ಲೆಕ್ಕ ಬೇರೆ ಇರಬಹುದು, ನಿಮ್ಮ ಆಡಿಟರನ್ನ ಕೇಳಿ. ಆದರೆ ಯೋಜನೆ ಶುರು ಮಾಡೋ ಮುಂಚೆ ಕೇಳಿ. ನಾನು ಹೋದದ್ದು ಎಲ್ಲ ಮುಗಿದ ಮೇಲೆ.

ಇನ್ನು ಅಚ್ಚಿನ ಕತೆ. ಗದಗಿಗೆ ಮುದ್ರಣ ಕಾಶಿ ಅಂತಾರೆ, ಪ್ರೆಸ್ಸಿಗೇನು ಬರ? 160 ಪುಟ, 500 ಪ್ರತಿ, ಪ್ರತಿಗೆ 210 ರೂಪಾಯಿಗೆ ಮಾತಾಯಿತು. ಪ್ರೆಸ್ಸಿನ ಹೆಸರು ಬೇಡ, ತಪ್ಪಿನಲ್ಲಿ ಅವರ ಪಾಲು ಅರ್ಧಕ್ಕಿಂತ ಕಡಿಮೆ. ನಾನು ಬರೆದಿದ್ದು ಯೂನಿಕೋಡ್‌ನಲ್ಲಿ, ಅದರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಜಾಗ. ಅವರದು ಪುಟ ಕಟ್ಟೋ ಹಳೇ ತಂತ್ರಾಂಶ ಪೇಜ್‌ಮೇಕರ್, ಕನ್ನಡ ಟೈಪಿಗೆ ಹಳೇ ನುಡಿ. ಆ ಹಳೇ ನುಡಿ ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದವು ಕೂತಿರ್ತವೆ. ನಮ್ಮ ಆಟಗಳಲ್ಲಿ ಇಪ್ಪತ್ತು ಮುಖದ ದಾಳಕ್ಕೆ ಇಂಗ್ಲಿಷಿನ ಸಣ್ಣ ಡಿ ಬರೆದು ಪಕ್ಕಕ್ಕೆ 20 ಹಾಕೋದು ರೂಢಿ, ಅದನ್ನ ಹಾಗೇ ಬಿಟ್ಟಿದ್ದೆ. ಆ ಸಣ್ಣ ಡಿ ನುಡಿಯಲ್ಲಿ ‘ಜ’. ಪ್ರೂಫ್ ಬಂದಾಗ ಮೊದಲ ಎರಡು ಅಧ್ಯಾಯ ಅಕ್ಷರ ಅಕ್ಷರ ಓದಿದೆ, ಒತ್ತಕ್ಷರ ಒಡೆದಿದ್ದನ್ನೆಲ್ಲ ತಿದ್ದಿದೆ. ಅವುಗಳಲ್ಲಿ ಬರೀ ಕತೆ. ದಾಳದ ಕೋಷ್ಟಕಗಳು ಮೂರರಿಂದ ಮುಂದೆ. ಅವನ್ನ ಮೊಬೈಲಿನಲ್ಲಿ ಸರಸರ ನೋಡಿ ಸಹಿ ಹಾಕಿದೆ.

ಮೂರು ಫಾರ್ಮ್, ಅಂದರೆ 48 ಪುಟ ಅಚ್ಚಾದ ಮೇಲೆ ಬೈಂಡಿಂಗಿನ ಕಾಕಾ ಕರೆದರು. ‘ತಮ್ಮಾ, ಇಲ್ಲಿ ನೋಡು. ಬಾವಿಗೆ ಇಳಿಯುವಾಗ 1ಜ20 ಅಂತ ಐತಿ. ಜ ಅಂದ್ರ ಜಪಾ ಏನು? ಇಪ್ಪತ್ತ್ ಸಲ ಜಪಾ ಮಾಡಿ ಇಳೀಬೇಕೇನು?’ ಕೆಳಗೆ: ಬಿದ್ದರೆ 2ಜ6 ಪೆಟ್ಟು. ಎಲ್ಲ ಕೋಷ್ಟಕದಲ್ಲೂ ಅದೇ. ಮೂರೂ ಫಾರ್ಮ್ ರದ್ದಿಗೆ ಹೋದವು. ಮತ್ತೆ ಪ್ಲೇಟ್, ಕಾಗದ, ಅಚ್ಚು: 22,000. ಈಗ ಪುಸ್ತಕದಲ್ಲಿ ‘ಇಪ್ಪತ್ತರ ದಾಳ’, ‘ಆರರ ದಾಳ ಎರಡು’ ಅಂತಿದೆ. ಓದೋಕೂ ಅದೇ ಚಂದ. ಮೊದಲೇ ಹೊಳೆಯಬೇಕಿತ್ತು.

ದಾಳ ತರಿಸಿದ ಕತೆ ಬೇಗ ಮುಗಿಸ್ತೀನಿ. 250 ಸೆಟ್, ಅರ್ಧ ಮುಂಗಡ. ಫೆಬ್ರುವರಿ ಅಂದವರು ಮೇ ಮಧ್ಯಕ್ಕೆ ಕಳಿಸಿದರು. ಏಳರಲ್ಲಿ ಒಂದು, ಹತ್ತರ ಲೆಕ್ಕದಲ್ಲಿ ಸೊನ್ನೆಯಿಂದ ತೊಂಬತ್ತರವರೆಗೆ ಇರೋದು, 38 ಸೆಟ್ಟಿನಲ್ಲಿ ಇರಲೇ ಇಲ್ಲ. ಬದಲಿ ಬರೋಕೆ ಇನ್ನೂ ಮೂರು ವಾರ. ಕೆಲವರು ‘ಕನ್ನಡ ಅಂಕಿ ಇರೋ ದಾಳ ಮಾಡ್ರಿ’ ಅಂತ ದುಂಬಾಲು ಬಿದ್ದಿದ್ದರು. ಅದಕ್ಕೆ ಬೇರೆ ಅಚ್ಚು ಬೇಕು, ಆ ಅಳತೆಯಲ್ಲಿ ೬ ಯಾವುದು ೯ ಯಾವುದು ಅಂತ ಜಗಳ ಬೇರೆ. ಒಲ್ಲೆ ಅಂದೆ. ಇಡೀ ಯೋಜನೆಯಲ್ಲಿ ನಾನು ಒಲ್ಲೆ ಅಂದಿದ್ದು ಅದೊಂದಕ್ಕೇ.

ಅಂಚೆಯ ವಿಷಯ ಉಳಿದಿದೆ. ಬಜೆಟ್ ಬರೆದಾಗ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಂಬಿ ಪ್ರತಿಗೆ 45 ರೂಪಾಯಿ ಹಾಕಿದ್ದೆ. 2024ರ ಡಿಸೆಂಬರ್‌ನಲ್ಲಿ ಆ ಸೇವೆಯೇ ನಿಂತುಹೋಯಿತು. ಸಣ್ಣ ಪ್ರಕಾಶಕರೆಲ್ಲ ಗೋಳಾಡಿದ್ದು ನೆನಪಿರಬಹುದು. ಆಮೇಲೆ 2025ರ ಮೇ 1ಕ್ಕೆ ಪುಸ್ತಕ ಕಳಿಸೋಕೆ ಅಂಚೆಯ ಹೊಸ ಸೇವೆ, ಜ್ಞಾನ ಪೋಸ್ಟ್, ಬಂತು, 300 ಗ್ರಾಮಿಗೆ 20 ರೂಪಾಯಿಯಿಂದ 5 ಕಿಲೋಗೆ 100ರವರೆಗೆ. ಬದುಕಿದೆ ಅಂದುಕೊಂಡು ಒಂದು ಕಟ್ಟು ಮಾದರಿಗೆ ಒಯ್ದೆ. ಕೌಂಟರಿನ ಅಕ್ಕಾರು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಳಗಳ.

‘ಇದ್ರಾಗ ಏನೋ ಸಪ್ಪಳ ಬರಾಕತ್ತೈತಲ್ರಿ?’

‘ದಾಳ ರೀ ಅಕ್ಕಾರ. ಸಣ್ಣವು.’

‘ಪುಸ್ತಕ ಅಂದ್ರ ಪುಸ್ತಕ ಅಷ್ಟ ಇರ್ಬೇಕ್ರಿ.’

ಅವರ ತಪ್ಪೇನಿಲ್ಲ. ಹಳೇ ಬುಕ್ ಪೋಸ್ಟ್ ಇದ್ದಿದ್ದರೂ ಇದೇ ಉತ್ತರ ಬರ್ತಿತ್ತು. ಬೆರಳಷ್ಟು ಪ್ಲಾಸ್ಟಿಕ್ ಸೇರಿದ ಕೂಡಲೇ ನನ್ನ ಪುಸ್ತಕ ಪುಸ್ತಕವಾಗಿ ಉಳಿಯಲಿಲ್ಲ, ತೆರಿಗೆಯವರಿಗೂ, ಅಂಚೆಯವರಿಗೂ. ಲಕೋಟೆಯಲ್ಲಿ ಹಾಕಿದರೆ ದಾಳ ಒತ್ತಿ ರಟ್ಟಿನ ಮೇಲೆ ಕುಳಿ ಬೀಳ್ತಿತ್ತು, ಅದಕ್ಕೇ 6 ರೂಪಾಯಿ ಲಕೋಟೆ ಹೋಗಿ 32 ರೂಪಾಯಿ ಡಬ್ಬಿ ಬಂತು. 244 ಡಬ್ಬಿ, ಕೊರಿಯರ್ ಸರಾಸರಿ 115 ರೂಪಾಯಿ. ಎಲ್ಲ ಕೂಡಿಸಿದಾಗ ಕೈಯಿಂದ ಹೋಗಿದ್ದು 42,000 ಹತ್ತಿರ. ನನ್ನ ಎರಡು ವರ್ಷದ ಬರವಣಿಗೆಗೆ ಕೂಲಿ ಹಿಡಿಯದೆ.

ಅದೇ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ಓಲೆಗರಿಯಲ್ಲಿ, ಕೈಬರಹದಲ್ಲಿ. ಆಕೆ ಜೊತೆಗೆ ದಾಳ ಕೊಡ್ತೀನಿ ಅಂದಿರಲಿಲ್ಲ.

ರೊಕ್ಕ ತೀರಿಸಬಹುದು. ನನಗೆ ಇನ್ನೂ ಚುಚ್ಚೋದು ಬೇರೆ. ಹಾವೇರಿ ಕಡೆಯ ಒಬ್ಬ ಶಿಕ್ಷಕಿ ಮೂರು ಪ್ರತಿ ತಗೊಂಡಿದ್ದರು. ನಾನು ಮಾರ್ಚ್ ಅಂದಿದ್ದೆ, ಅವರು ಏಪ್ರಿಲ್ ರಜೆಯಲ್ಲಿ ಮಕ್ಕಳಿಗೆ ಆಡಿಸೋಣ ಅಂತ ಗುಂಪು ಮಾಡಿ ಇಟ್ಟಿದ್ದರು. ಮಾರ್ಚ್‌ಗೆ ಪುಸ್ತಕ ಅಚ್ಚಾಗಿ ನಮ್ಮ ಪಡಸಾಲೆಯಲ್ಲಿ ಇತ್ತು! ದಾಳ ಬರಲಿ, ಎರಡೂ ಒಟ್ಟಿಗೆ ಹೋಗಲಿ, ಎರಡು ಸಲ ಕೊರಿಯರ್ ಯಾಕೆ ಅಂತ ತಡೆದಿಟ್ಟೆ. ಅವರ ಕೈಗೆ ಸೇರಿದ್ದು ಜುಲೈ. ‘ಮಕ್ಕಳು ಚೀಟಿ ಎತ್ತಿ ಆಡಿದರು ಸರ್, ಪಿಡಿಎಫ್ ನೋಡಿಕೊಂಡು’ ಅಂತ ಬರೆದಿದ್ದರು. ಬೈದಿದ್ದರೆ ಹಗುರಾಗ್ತಿತ್ತು.

ಹುಬ್ಬಳ್ಳಿ ಹುಡುಗರೇ, ನೀವು ಕೇಳಿದ್ದಕ್ಕೆ ಉತ್ತರ: ಮಾಡ್ರಿ. ಕಟ್ಟಿನಲ್ಲಿ ಕಾಗದ ಬಿಟ್ಟು ಏನೂ ಇಡಬೇಡ್ರಿ. ಆಟದ ದಾಳ ಬೇಕಾದವರು ತಾವೇ ಕೊಳ್ತಾರೆ, ಇಲ್ಲಾ ಚೀಟಿ ಎತ್ತುತಾರೆ. ಗುರಿ ದಾಟಿದ ಮೇಲೂ ಏನಾದರೂ ಕೊಡಲೇಬೇಕು ಅನ್ನಿಸಿದರೆ ಇನ್ನೊಂದು ಕತೆ ಬರೆದು ಪಿಡಿಎಫ್ ಕೊಡ್ರಿ; ಅದು 10 ಜನಕ್ಕೆ ಕೊಟ್ಟರೂ 1,000 ಜನಕ್ಕೆ ಕೊಟ್ಟರೂ ಖರ್ಚು ಒಂದೇ. ಅಂಚೆ ಖರ್ಚನ್ನ ಬೆಲೆಯೊಳಗೆ ಸೇರಿಸಬೇಡ್ರಿ, ಕಳಿಸೋ ತಿಂಗಳು ಆ ದಿನದ ದರ ನೋಡಿ ಬೇರೆ ತಗೊಳ್ರಿ. ಮತ್ತೆ ರಾತ್ರಿ ಹತ್ತರ ಮೇಲೆ ಯೋಜನೆಯ ಪುಟಕ್ಕೆ ಕೈ ಹಚ್ಚಬೇಡ್ರಿ.

ನಾಲ್ಕು ಡಬ್ಬಿ ವಿಳಾಸ ಸಿಗದೆ ವಾಪಸ್ ಬಂದು ನಮ್ಮ ಪಡಸಾಲೆಯಲ್ಲಿವೆ. ಎರಡು ಬೆಳಗಾವಿ, ಒಂದು ಸೊಲ್ಲಾಪುರ, ಇನ್ನೊಂದರ ಚೀಟಿ ಮಳೆಗೆ ಅಳಿಸಿದೆ. 2024ರಲ್ಲಿ ರೊಕ್ಕ ಕೊಟ್ಟು ಪುಸ್ತಕ ಸೇರದವರು ಯಾರಾದರೂ ಇದನ್ನ ಓದ್ತಿದ್ದರೆ ತಿಳಿಸಿ. ದಾಳ ಸಮೇತ ಕಳಿಸ್ತೀನಿ, ಕೊರಿಯರ್ ಖರ್ಚು ನಂದೇ.