ಮಳೆಗಾಲದಲ್ಲಿ ಮನೆಯಿಂದ ಓದುವವರಿಗೆ: ಐಪಿ, ಪ್ರಾಕ್ಸಿ, ಒಕ್ಕೂಟದ ಲಾಗಿನ್

ಶಿವಮೊಗ್ಗದ ಸ್ನಾತಕೋತ್ತರ ಕಾಲೇಜೊಂದರ ಗ್ರಂಥಾಲಯದಲ್ಲಿ, ಚಂದಾ ಕಟ್ಟಿ ಪಡೆಯುವ ವಿದ್ವತ್ಪತ್ರಿಕೆಗಳನ್ನೂ ದತ್ತಸಂಚಯಗಳನ್ನೂ ಓದುಗರಿಗೆ ತಲುಪಿಸುವ ಹೊಣೆ ನನ್ನದು. ನಮ್ಮ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಅನೇಕರು ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರು. ಜುಲೈ ತಿಂಗಳ ಜಡಿಮಳೆಯಲ್ಲಿ ಅವರು ಊರಿನಲ್ಲಿಯೇ ಇದ್ದು ಮೊಬೈಲಿನಲ್ಲಿ ಓದುತ್ತಾರೆ. ಆದ್ದರಿಂದ ಪ್ರವೇಶ ನೀಡುವ ಮೂರು ವಿಧಾನಗಳನ್ನೂ ಒಂದೊಂದು ಮಳೆಗಾಲ ಬಳಸಿ, ಅವರ ಅನುಭವವನ್ನೇ ಅಳತೆಗೋಲಾಗಿ ಇಟ್ಟುಕೊಂಡೆ.

ಐಪಿ ವಿಳಾಸದ ವಿಧಾನ ಎಲ್ಲಕ್ಕಿಂತ ಸರಳ. ಕಾಲೇಜಿನ ಸ್ಥಿರ ಐಪಿ ವಿಳಾಸವನ್ನು, ಅಂದರೆ ಅಂತರ್ಜಾಲದಲ್ಲಿ ಕಾಲೇಜನ್ನು ಗುರುತಿಸುವ ಸಂಖ್ಯೆಯನ್ನು, ಪ್ರಕಾಶಕರಿಗೆ ಕೊಟ್ಟರೆ ಸಾಕು, ಕ್ಯಾಂಪಸ್ಸಿನ ಒಳಗಿನವರಿಗೆ ಪಾಸ್‌ವರ್ಡಿನ ಅಗತ್ಯವೇ ಇಲ್ಲ. ಆದರೆ ಗೇಟು ದಾಟಿದ ಕೂಡಲೇ ಪ್ರವೇಶ ಮುಗಿಯುತ್ತದೆ. ಒಮ್ಮೆ ಯಾರೋ ಒಂದು ಪತ್ರಿಕೆಯ ಹಳೆಯ ಸಂಪುಟಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಹೊರಟಾಗ ಪ್ರಕಾಶಕರು ನಮ್ಮ ವಿಳಾಸವನ್ನೇ ತಡೆದರು. ಇಡೀ ಕಾಲೇಜು ಒಂದೇ ವಿಳಾಸದ ಹಿಂದೆ ಇದ್ದುದರಿಂದ ಆ ಒಬ್ಬರು ಯಾರೆಂದು ಹೇಳಲು ನನ್ನಿಂದ ಆಗಲಿಲ್ಲ.

ಪ್ರಾಕ್ಸಿ, ಅಂದರೆ ಓದುಗರಿಗೂ ಪ್ರಕಾಶಕರಿಗೂ ನಡುವೆ ನಿಲ್ಲುವ ಕಾಲೇಜಿನ ಸರ್ವರ್, ಈ ಎರಡೂ ತೊಡಕುಗಳನ್ನು ಬಹುಮಟ್ಟಿಗೆ ಬಿಡಿಸುತ್ತದೆ. 1999ರಲ್ಲಿ ಬಂದ ಇಝೀಪ್ರಾಕ್ಸಿ ಈ ಬಗೆಯಲ್ಲಿ ಹೆಸರಾದದ್ದು; 2008ರಿಂದ ಅದು ಓಸಿಎಲ್‌ಸಿ ಎಂಬ ಗ್ರಂಥಾಲಯಗಳ ಸಹಕಾರಿ ಸಂಸ್ಥೆಯ ಕೈಯಲ್ಲಿದೆ. ವಿದ್ಯಾರ್ಥಿ ಮನೆಯಿಂದ ಲಾಗಿನ್ ಆದಾಗ ಪ್ರಾಕ್ಸಿ ಸರ್ವರ್ ಕೊಂಡಿಗಳನ್ನು ತಿದ್ದಿ ಬರೆದು, ಪುಟವನ್ನು ತಾನೇ ತರಿಸಿ ಕೊಡುತ್ತದೆ. ಪ್ರಕಾಶಕರಿಗೆ ಕಾಣುವುದು ಕಾಲೇಜಿನ ವಿಳಾಸ ಮಾತ್ರ. ಯಾರು ಏನು ಇಳಿಸಿಕೊಂಡರೆಂಬ ದಾಖಲೆ ನಮ್ಮಲ್ಲಿ ಉಳಿಯುತ್ತದೆ. ಆದರೆ ಪ್ರತಿಯೊಂದು ಪಿಡಿಎಫ್ ನಮ್ಮ ಸರ್ವರಿನ ಮೂಲಕವೇ ಹಾದುಹೋಗಬೇಕು. ಆ ಮಳೆಗಾಲದ ಒಂದು ಸಂಜೆ ನಗರದಲ್ಲಿ ಕರೆಂಟು ಹೋಗಿ, ಯುಪಿಎಸ್ ಕೂಡ ಬರಿದಾದಾಗ, ಹೊಸನಗರದ ವಿದ್ಯಾರ್ಥಿನಿಯೊಬ್ಬಳ ಮೊಬೈಲಿನಲ್ಲಿ ಅರ್ಧ ಇಳಿದಿದ್ದ ಪ್ರಬಂಧ ಅಲ್ಲಿಗೇ ನಿಂತಿತು. ಅವಳು ಸಿಗ್ನಲ್‌ಗಾಗಿ ಮನೆಯ ಹಿಂದಿನ ಗುಡ್ಡ ಹತ್ತಿ ಕೊಡೆ ಹಿಡಿದು ನಿಂತಿದ್ದಳು. ಅವಳ ಊರಿನಲ್ಲಿ ನೆಟ್‌ವರ್ಕ್ ಇತ್ತು, ಪ್ರಕಾಶಕರ ತಾಣವೂ ನಡೆಯುತ್ತಿತ್ತು. ನಿಂತದ್ದು ನಮ್ಮ ಸರ್ವರ್ ಮಾತ್ರ. ಇದು ನನಗೆ ಬಹಳ ನೋವು ತಂದಿತು.

ಒಕ್ಕೂಟದ ಲಾಗಿನ್ ಮೇಲುಗೈ ಪಡೆಯುವುದು ಇಲ್ಲಿಯೇ. ಒಕ್ಕೂಟವೆಂದರೆ, ಸಂಸ್ಥೆ ಖಚಿತಪಡಿಸಿದ ಓದುಗರ ಗುರುತನ್ನು ಪ್ರಕಾಶಕರು ನಂಬುವ ಏರ್ಪಾಡು. ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಇನ್‌ಫೆಡ್ ಒಕ್ಕೂಟ, ಗುರುತು ಖಚಿತಪಡಿಸುವ ಶಿಬ್ಬೊಲೆತ್ ತಂತ್ರಾಂಶವನ್ನು ಆಧರಿಸಿದೆ. ಇದರಲ್ಲಿ ಪಾಸ್‌ವರ್ಡನ್ನು ನಮ್ಮ ಸಂಸ್ಥೆಯ ಲಾಗಿನ್ ಪುಟದಲ್ಲಿ ಮಾತ್ರ ಕೊಡಬೇಕು. ಗುರುತು ಖಚಿತವಾದ ಮೇಲೆ ಓದುಗರು ನೇರವಾಗಿ ಪ್ರಕಾಶಕರ ತಾಣದಲ್ಲಿಯೇ ಇರುತ್ತಾರೆ. ನಡುವೆ ನಮ್ಮ ಕರೆಂಟು ಹೋದರೆ ಹೊಸ ಲಾಗಿನ್ ನಿಲ್ಲುತ್ತದೆಯೇ ಹೊರತು, ಆಗಲೇ ಒಳಗಿರುವವರ ಓದು ನಿಲ್ಲುವುದಿಲ್ಲ. ಹೆಸರಿನ ಬದಲು ಒಂದು ಸಂಕೇತವನ್ನಷ್ಟೇ ಕಳುಹಿಸುವಂತೆ ನಾವು ಹೊಂದಿಸಿಕೊಂಡಿರುವುದರಿಂದ ವಿದ್ಯಾರ್ಥಿಯ ಗೌಪ್ಯತೆ ಉಳಿಯುತ್ತದೆ, ದುರ್ಬಳಕೆಯಾದಾಗ ಆ ಒಂದು ಸಂಕೇತವನ್ನು ತಡೆದರೆ ಸಾಕಾಗುತ್ತದೆ.

ಆದರೂ ಇದನ್ನು ಹೊಂದಿಸಲು ಪ್ರಾಕ್ಸಿಗಿಂತ ಹೆಚ್ಚು ಶ್ರಮವಾಯಿತು. ಬಳಕೆದಾರರ ಪಟ್ಟಿ ಚೊಕ್ಕವಾಗಿರಬೇಕು. ಕೋರ್ಸು ಮುಗಿಸಿ ಹೋದವರ ಖಾತೆ ಮುಚ್ಚದಿದ್ದರೆ ಪರವಾನಗಿಯ ಕರಾರು ಮುರಿದಂತೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವಿದ್ದು ಸಂಸ್ಥೆಯನ್ನು ಆರಿಸುವ ಪುಟದಲ್ಲಿ: ಒಂದು ತಾಣದಲ್ಲಿ ಮೊದಲು ಒಕ್ಕೂಟದ ಹೆಸರು ಆರಿಸಬೇಕು, ಇನ್ನೊಂದರಲ್ಲಿ ನೇರವಾಗಿ ಕಾಲೇಜಿನ ಹೆಸರು. ಕೊನೆಗೆ ನಮ್ಮ ಗುರುತು ಸೇರಿಸಿದ ನೇರ ಕೊಂಡಿಗಳನ್ನು ಒಂದೊಂದಾಗಿ ಸಿದ್ಧಪಡಿಸಿ ಗ್ರಂಥಾಲಯದ ಪುಟದಲ್ಲಿ ಹಾಕಿದ ಮೇಲೆ ಫೋನ್ ಕರೆಗಳು ಕಡಿಮೆಯಾದವು.

ಈಗ ನಮ್ಮಲ್ಲಿ ಒಕ್ಕೂಟದ ಲಾಗಿನ್ ಮುಖ್ಯ ದಾರಿ. ಅದಕ್ಕೆ ಹೊಂದದ ಎರಡು ಹಳೆಯ ದತ್ತಸಂಚಯಗಳಿಗೆ ಮಾತ್ರ ಪ್ರಾಕ್ಸಿಯನ್ನು ಉಳಿಸಿಕೊಂಡಿದ್ದೇನೆ, ಅದರ ಸರ್ವರಿಗೆ ಈ ವರ್ಷ ಮೇ ತಿಂಗಳಲ್ಲಿಯೇ ಹೊಸ ಬ್ಯಾಟರಿ ಹಾಕಿಸಿದ್ದೇನೆ.