ಉತ್ತರ ಕನ್ನಡದ ಮುರುಗಲು ತುಪ್ಪ: ಹಿಮ್ಮಡಿಗೆ ಉತ್ತಮ, ಕೊಳ್ಳುವ ಮುನ್ನ ಮೂಸಿ ನೋಡಿ

ಮನೆಗಳಲ್ಲಿ ಕುದಿಸಿ ತೆಗೆದು ಉಂಡೆ ಕಟ್ಟಿ ಮಾರುವ ಮುರುಗಲು (ಪುನರ್ಪುಳಿ) ಬೀಜದ ತುಪ್ಪ ಒಡೆದ ಹಿಮ್ಮಡಿಗೂ ತುಟಿಗೂ ನಿಜಕ್ಕೂ ಒಳ್ಳೆಯದು. ಆದರೆ ಉಂಡೆ ಬಲು ಗಟ್ಟಿ, ಕರಗುವುದೇ ಸುಮಾರು 40 ಡಿಗ್ರಿಗೆ. ಹಾಗೇ ಉಜ್ಜಿದರೆ ಚರ್ಮಕ್ಕೆ ಸರಿಯಾಗಿ ಹತ್ತುವುದಿಲ್ಲ. ಒಂದು ಪಾಲು ತುಪ್ಪಕ್ಕೆ ಒಂದು ಪಾಲು ಕೊಬ್ಬರಿ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನಿಧಾನವಾಗಿ ಆರಿದರೆ ರವೆಯಂತೆ ಕಾಳುಗಟ್ಟುತ್ತದೆ. ಫ್ರಿಜ್‌ನಲ್ಲಿಟ್ಟು ಬೇಗ ತಣಿಸಿ.

ಗುಣಮಟ್ಟ ನಿರ್ಧಾರವಾಗುವುದು ಬೀಜ ಒಣಗಿಸುವಾಗಲೇ. ಹಣ್ಣಿನ ಕಾಲ ಮುಗಿಯುವಷ್ಟರಲ್ಲಿ ಮಳೆ ಬಂದಿರುತ್ತದೆ. ಅರೆಬರೆ ಒಣಗಿದ ಬೀಜಕ್ಕೆ ಬೂಸಲು ಹಿಡಿದರೆ ತುಪ್ಪಕ್ಕೆ ಕಮಟು ವಾಸನೆ ಬರುತ್ತದೆ, ಆಮೇಲೆ ಎಷ್ಟು ಕಾಯಿಸಿದರೂ ಹೋಗದು. ಒಣಬೀಜದ ಸಿಪ್ಪೆ ತೆಗೆದು, ತಿರುಳು ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಜಿಡ್ಡನ್ನು ಬೇರೆ ಮಾಡಿ ನೀರಿನಂಶ ಆರುವವರೆಗೆ ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಈ ಎರಡನೇ ಕಾಯಿಸುವಿಕೆಯಲ್ಲಿ ಅವಸರ ಮಾಡಿದ ಉಂಡೆಯನ್ನು ಬಿಸಿ ಬಾಣಲೆಗೆ ಹಾಕಿದರೆ ಚಟಪಟ ಸದ್ದು ಬರುತ್ತದೆ. ಅದು ಹೆಚ್ಚು ದಿನ ಬಾಳುವುದಿಲ್ಲ.

ತಿಳಿ ಹಳದಿ ಬಣ್ಣ ಸಹಜ. ಅಚ್ಚ ಬಿಳಿಯದು ಹೆಚ್ಚಾಗಿ ಕಾರ್ಖಾನೆಯಲ್ಲಿ ಶುದ್ಧೀಕರಿಸಿದ್ದು. ವಾಸನೆ ಆಗದವರಿಗೆ ಅದೇ ಸರಿ.