ಗುರಿ ಮುಟ್ಟಲು ಯಾವುದು ಒಳ್ಳೆಯದು: ನೋಟ್‌ಬುಕ್ಕೋ, ಆ್ಯಪೋ, ಪಕ್ಕದ ಮನೆ ಅಕ್ಕನೋ?

ನನಗಿದ್ದದ್ದು ಮೂರು ಆಸೆ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಓದಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತಬೇಕು. ಆರು ತಿಂಗಳ ಮನೆಖರ್ಚಿಗೆ ಆಗುವಷ್ಟು ದುಡ್ಡು ಪಕ್ಕಕ್ಕೆ ಎತ್ತಿಡಬೇಕು. ಇದಕ್ಕಾಗಿ ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ. ಕೆಲಸ, ಮನೆ ಎರಡನ್ನೂ ನೋಡಿಕೊಂಡು ಏನಾದರೂ ಸಾಧಿಸಬೇಕು ಅನ್ನುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನೋಟ್‌ಬುಕ್. ಯುಗಾದಿ ದಿನ ಕೂತು, ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವ ತಾರೀಖಿನೊಳಗೆ ಎಂದು ಬರೆದಿಡುವುದು. ಆಫೀಸುಗಳಲ್ಲಿ ಇದನ್ನು ‘ಸ್ಮಾರ್ಟ್’ ಗುರಿ ಅನ್ನುತ್ತಾರೆ. ಜಾರ್ಜ್ ಡೋರನ್ ಅನ್ನುವವರು 1981ರಲ್ಲಿ ಇದನ್ನು ಬರೆದದ್ದು ಕಂಪನಿಗಳ ಮ್ಯಾನೇಜರುಗಳಿಗಾಗಿ. ಅದರ ಬಲವೂ ಕೊರತೆಯೂ ಅಲ್ಲೇ ಇದೆ. ಆಫೀಸಿನಲ್ಲಿ ತಾರೀಖು ಬಂದರೆ ಕೇಳುವವರು ಇರುತ್ತಾರೆ, ಮನೆಯಲ್ಲಿ ಯಾರು ಕೇಳುತ್ತಾರೆ? ಎಂ.ಎ.ಗೆ ಇದು ಚೆನ್ನಾಗಿ ಹೊಂದಿತು. ಪರೀಕ್ಷೆಯ ದಿನವನ್ನು ಮುಕ್ತ ವಿಶ್ವವಿದ್ಯಾನಿಲಯದವರೇ ಗೊತ್ತು ಮಾಡುತ್ತಾರೆ, ನಾನು ಮುಂದೆ ಹಾಕುವ ಹಾಗಿಲ್ಲ. ಆದರೆ ‘ದಸರಾ ಹೊತ್ತಿಗೆ ಬೆಟ್ಟ’ ಎಂದು ಬರೆದದ್ದರಿಂದ ಈವತ್ತು ಬೆಳಿಗ್ಗೆ ಏನು ಮಾಡಬೇಕು ಅನ್ನುವುದು ಗೊತ್ತಾಗುವುದಿಲ್ಲ.

ಆಮೇಲೆ ಮೊಬೈಲ್ ಆ್ಯಪ್. ದಿನಾ ಟಿಕ್ ಹಾಕಿದರೆ ದಿನಗಳ ಲೆಕ್ಕ ಏರುತ್ತಾ ಹೋಗುತ್ತದೆ. ನಡಿಗೆಗೆ ಶುರುವಿನಲ್ಲಿ ಇದು ಹುರುಪು ಕೊಡುತ್ತದೆ, ನಿಜ. ಓದಿಗೆ ಮಾತ್ರ ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಎರಡು ಪುಟ ಓದಿದರೂ ಟಿಕ್, ಇಪ್ಪತ್ತು ಪುಟ ಓದಿದರೂ ಅದೇ ಟಿಕ್. ಇನ್ನೊಂದು, ಮಂಡ್ಯದಲ್ಲಿ ನೆಂಟರ ಮದುವೆ ಅಂತ ಒಂದು ದಿನ ತಪ್ಪಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಇದು ಸುಮ್ನೆ ಹೆದರಿಸುವುದು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಒಂದು ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಎಂದು ಅವರು ಅಂದಾಜು ಮಾಡಿದರು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಆ್ಯಪ್ ಸೊನ್ನೆ ಅಂದರೂ ಕಾಲು ಕಲಿತದ್ದನ್ನು ಮರೆಯುವುದಿಲ್ಲ, ಅಲ್ವಾ?

ನನ್ನ ಕೈ ಹಿಡಿದದ್ದು ಮೂರನೆಯದು. ‘ಇದಾದ ತಕ್ಷಣ ಅದು’ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು. ಪೀಟರ್ ಗಾಲ್‌ವಿಟ್ಜರ್ ಎಂಬ ಮನಃಶಾಸ್ತ್ರಜ್ಞರು 1999ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಯಾವಾಗ, ಎಲ್ಲಿ, ಹೇಗೆ ಅನ್ನುವುದನ್ನು ಮುಂಚೆಯೇ ತೀರ್ಮಾನಿಸಿದ್ದರೆ, ಆ ಹೊತ್ತು ಬಂದಾಗ ಮತ್ತೆ ಯೋಚಿಸುವ ಕೆಲಸ ಇರುವುದಿಲ್ಲ. ನಮ್ಮ ಮನೆ ಮೈಸೂರಿನ ಸರಸ್ವತಿಪುರಂ. ಮಗಳನ್ನು ಸ್ಕೂಲ್ ವ್ಯಾನ್ ಹತ್ತಿಸಿದ ತಕ್ಷಣ ಮನೆಗೆ ತಿರುಗದೆ ಹಾಗೇ ಕುಕ್ಕರಹಳ್ಳಿ ಕೆರೆ ದಂಡೆಗೆ ಹೋಗುತ್ತೇನೆ. ಚಪ್ಪಲಿ ಬಿಟ್ಟು ಒಳಗೆ ಬಂದರೆ ಮನೆಕೆಲಸ ಹಿಡಿದುಕೊಳ್ಳುತ್ತದೆ, ಆದ್ದರಿಂದ ಶೂ ಹಾಕಿಕೊಂಡೇ ವ್ಯಾನಿಗೆ ಕಾಯುತ್ತೇನೆ. ರಾತ್ರಿ ಅಡುಗೆಮನೆ ಕಟ್ಟೆ ಒರೆಸಿದ ಮೇಲೆ ಪುಸ್ತಕ. ಅದು ಊಟದ ಮೇಜಿನ ಮೇಲೇ ಇರಬೇಕು, ಬೀರುವಿನಲ್ಲಲ್ಲ. ಅಡ್ಡಿ ಬಂದರೆ ಏನು ಅನ್ನುವುದನ್ನೂ ಬರೆದಿದ್ದೇನೆ. ಮಳೆ ಬಂದರೆ ಮಹಡಿ ಮೆಟ್ಟಿಲು ಹತ್ತಿ ಇಳಿಯುವುದು. ನೆಂಟರು ಬಂದರೆ ಮರುದಿನ ಕಾಫಿಗೆ ಮುಂಚೆ ಓದುವುದು. ಬೇಸಿಗೆ ರಜೆಯಲ್ಲಿ ವ್ಯಾನ್ ಬರುವುದಿಲ್ಲ. ಆಗ ನಡಿಗೆಯನ್ನು ಜೋಡಿಸಲು ಬೇರೊಂದು ಹೊತ್ತು ಹುಡುಕಬೇಕು. ನನಗೆ ಹಾಲು ತರುವ ಹೊತ್ತು ಆಗಿಬಂತು.

ಬೆಟ್ಟವನ್ನೂ ಹೀಗೇ ಹತ್ತಿದ್ದು. ಸಾವಿರಕ್ಕೂ ಜಾಸ್ತಿ ಮೆಟ್ಟಿಲಿವೆ, ಶುರುವಿನಲ್ಲೇ ಏರು ಜೋರು. ಭಾನುವಾರ ಬೆಳಿಗ್ಗೆ ದಾರಿ ನಡುವಿನ ನಂದಿ ವಿಗ್ರಹದ ತನಕ ಮಾತ್ರ ಎಂದು ಇಟ್ಟುಕೊಂಡೆ. ಅದು ಸಲೀಸಾದ ಮೇಲೆ ಮುಂದಿನದು. ಈಗ ಕೂರದೆ ಮೇಲೆ ಹೋಗುತ್ತೇನೆ.

ಇನ್ನು ಬೇರೆಯವರಿಗೆ ಹೇಳುವುದು. ಇದರಲ್ಲಿ ಎರಡು ಬಗೆ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ‘ಎಂ.ಎ. ಮಾಡುತ್ತಿದ್ದೇನೆ’ ಎಂದು ಹಾಕಿದರೆ ಹೊಗಳಿಕೆ ತಕ್ಷಣ ಬರುತ್ತದೆ. ‘ನಾನು ಇಂಥವಳಾಗಬೇಕು’ ಅನ್ನುವ ಗುರಿಗಳಲ್ಲಿ ಹೀಗೆ ನಾಲ್ಕು ಜನ ಗುರುತಿಸಿದ ಮೇಲೆ ದುಡಿಮೆ ಕಡಿಮೆಯಾಗುತ್ತದೆ ಎಂದು ಗಾಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಮಾಡುವ ಮೊದಲೇ ಮಾಡಿದಷ್ಟು ತೃಪ್ತಿ ಸಿಕ್ಕಿಬಿಡುತ್ತದೆ. ನಾನು ಕಂಡದ್ದೂ ಅದನ್ನೇ. ಪಕ್ಕದ ಮನೆ ಅಕ್ಕ ಹೊಗಳುವುದಿಲ್ಲ, ಕೇಳುತ್ತಾರೆ. ಕೆರೆ ಸುತ್ತುವಾಗ “ಏನಮ್ಮಾ, ಛಂದಸ್ಸು ಮುಗೀತಾ?” ಎಂದರೆ ಉತ್ತರ ಕೊಡಲೇಬೇಕು. ಮೊದಲ ವರ್ಷದ ಪರೀಕ್ಷೆ ಪಾಸಾದದ್ದರಲ್ಲಿ ಆ ಪ್ರಶ್ನೆಯ ಪಾಲು ದೊಡ್ಡದು. ಹೇಳಿಕೊಳ್ಳುವುದಾದರೆ ಒಬ್ಬರಿಗೇ ಹೇಳಿ, ವಾರಕ್ಕೊಮ್ಮೆ ಕೇಳುವವರಿಗೆ ಹೇಳಿ.

ದುಡ್ಡಿಗೆ ಇವು ಯಾವುವೂ ಬೇಕಾಗಲಿಲ್ಲ. ಸಂಬಳ ಬಂದ ಮರುದಿನವೇ ಖಾತೆಯಿಂದ ತಾನಾಗಿ ಕಡಿತವಾಗುವಂತೆ, ತಿಂಗಳು ತಿಂಗಳು ಕಟ್ಟುವ ಠೇವಣಿ ಅಂದರೆ ಆರ್‌ಡಿ ಮಾಡಿಸಿದರೆ ಮುಗಿಯಿತು. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೂ ಆರ್‌ಡಿ ಶುರು ಮಾಡಬಹುದು, ಆದರೆ ಅವಧಿ 5 ವರ್ಷ. ತುರ್ತಿಗೆ ಬೇಕಾಗುವ ದುಡ್ಡು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ನಾನು ಬ್ಯಾಂಕಿನಲ್ಲಿ ಒಂದು ವರ್ಷದ್ದನ್ನು ಆರಿಸಿಕೊಂಡೆ. ಮುಗಿದಾಗ ಬಂದ ಮೊತ್ತವನ್ನು ಎಫ್‌ಡಿಗೆ ಹಾಕಿ, ಹೊಸ ಆರ್‌ಡಿ ತೆರೆಯುತ್ತೇನೆ.